ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಲಾರಿಗೆ ಹಾಕುವ ಮುನ್ನ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮಾಹಿತಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮಗಿಂತ ಮುಂಚೆ ಮಾತಾಡಿದ ಹಿರಿಯರು ಬೆಳೆಸಾಲ, ಗೊಬ್ಬರ, ಕೊಬ್ಬರಿ ಧಾರಣೆ ಇವುಗಳ ವಿಚಾರವಾಗಿ ಬಹಳ ಚೆನ್ನಾಗಿ ತಿಳಿಸಿದರು. ಅಧ್ಯಕ್ಷರು ನಮಗೆ ಒಪ್ಪಿಸಿರುವ ವಿಷಯ ಸ್ವಲ್ಪ ಬೇರೆ ತರಹದ್ದು. ಸಂಘದ ಮೈಕ್ ಸೆಟ್ಟಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಲಾರಿಯಲ್ಲಿ ಕಳಿಸುವಾಗ, ತರಿಸುವಾಗ ಅವು ಕೆಡದಂತೆ ನೋಡಿಕೊಳ್ಳುವುದು ಹೇಗೆ ಅನ್ನೋದು. ಇದೇನು ಸಹಕಾರ ಸಂಘದಲ್ಲಿ ಮಾತಾಡೋ ವಿಷಯವೇ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಶಾಮಿಯಾನ, ಪಾತ್ರೆ, ಕುರ್ಚಿಗಳ ಹಾಗೆ ಈ ಸೆಟ್ಟೂ ತಮ್ಮೆಲ್ಲರ ಷೇರು ಹಣದಿಂದ ಬಂದದ್ದು. ಮದುವೆ, ಜಾತ್ರೆ, ನಾಟಕ, ಶಾಲಾ ವಾರ್ಷಿಕೋತ್ಸವ ಎಲ್ಲಕ್ಕೂ ಕಡಿಮೆ ಬಾಡಿಗೆಗೆ ಸಿಗುತ್ತಿರುವುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಸೆಟ್ಟನ್ನು ಇಟ್ಟುಕೊಳ್ಳಬೇಕೋ, ಮಾರಿಬಿಡಬೇಕೋ ಎಂಬ ಪ್ರಶ್ನೆ ತಮ್ಮ ಮುಂದೆ ಬರಲಿದೆ. ಅದಕ್ಕೆ ಮುಂಚೆ ಕೆಲವು ಸಂಗತಿಗಳು ಎಲ್ಲರಿಗೂ ಗೊತ್ತಿರಲಿ ಎಂಬುದೇ ಈ ಮಾತಿನ ಉದ್ದೇಶ.

ಮಾರಬೇಕು ಅನ್ನೋ ಮಾತು ಯಾಕೆ ಬಂತು ಅಂದರೆ, 2022ರಲ್ಲಿ ಸಂಘಕ್ಕೆ 18 ಇಂಚಿನ ಎರಡು ಬಾಸ್ ಪೆಟ್ಟಿಗೆಗಳನ್ನು ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಲಾಯಿತು. ಅಂಗಡಿಯವರೇ ಲಾರಿ ಆಫೀಸಿಗೆ ಹಾಕಿ ಕಳಿಸಿದರು. ಅಂಗಡಿಯ ಹೆಸರಾಗಲಿ ಲಾರಿ ಆಫೀಸಿನ ಹೆಸರಾಗಲಿ ಇಲ್ಲಿ ಬೇಡ. ಪೆಟ್ಟಿಗೆ ಬಂದಾಗ ಹೊರಗೆ ಒಂದು ಮೂಲೆ ಸ್ವಲ್ಪ ಜಜ್ಜಿದ್ದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೆಲ್ಲಗೆ ಹಾಕಿ ನೋಡಿದಾಗ ಶಬ್ದವೂ ಬಂತು. ನಾಟಕದ ರಾತ್ರಿ ಅರ್ಧ ಗಂಟೆ ಆಗುವಷ್ಟರಲ್ಲಿ ಒಂದು ಪೆಟ್ಟಿಗೆ ಗರಗರ ಅನ್ನಲಿಕ್ಕೆ ಶುರುವಾಗಿ ನಿಂತೇ ಹೋಯಿತು. ಸೆಟ್ ನೋಡಿಕೊಳ್ಳುವ ಹುಡುಗ ಜಾಸ್ತಿ ಸೌಂಡ್ ಕೊಟ್ಟು ಸುಟ್ಟುಹಾಕಿದ ಎಂದು ಊರೆಲ್ಲಾ ಮಾತಾಯಿತು. ಅವನ ಸಂಬಳದಲ್ಲಿ ಹಿಡಿಯಬೇಕು, ಅವನನ್ನು ತೆಗೆಯಬೇಕು ಎಂಬ ಮಾತು ಸಭೆಯಲ್ಲೂ ಬಂತು. ಬಿಚ್ಚಿ ನೋಡಿದ ಮೇಲೆ ತೀರ್ಮಾನ ಮಾಡೋಣ ಎಂದು ಆಡಳಿತ ಮಂಡಳಿ ತಡೆಯಿತು. ರಿಪೇರಿಯವರು ಸದಸ್ಯರ ಎದುರಿಗೇ ಬಿಚ್ಚಿದರು. ಒಳಗಿನ ಸುರುಳಿ ಕಪ್ಪಾಗಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಹಿಂದಿನ ಅಯಸ್ಕಾಂತವೇ ತನ್ನ ಜಾಗದಿಂದ ಒಂದು ಪಕ್ಕಕ್ಕೆ ಸರಿದಿತ್ತು. ಎಷ್ಟೇ ಜೋರಾಗಿ ಹಾಡು ಹಾಕಿದರೂ ಅಯಸ್ಕಾಂತ ಹಾಗೆ ಸರಿಯುವುದಿಲ್ಲ, ಎತ್ತರದಿಂದ ಬಿದ್ದರೆ ಸರಿಯುತ್ತದೆ. ಪೆಟ್ಟು ಬಿದ್ದದ್ದು ದಾರಿಯಲ್ಲಿ, ಹೆಸರು ಕೆಟ್ಟದ್ದು ಮಾತ್ರ ಊರಿನ ಹುಡುಗನದ್ದು.

ಆದ್ದರಿಂದ ಇದು ಬರೀ ಪ್ಯಾಕಿಂಗ್ ವಿಚಾರ ಅಲ್ಲ. ಸಾಮಾನು ಎಲ್ಲಿ ಕೆಟ್ಟಿತು ಅಂತ ಗೊತ್ತಿಲ್ಲದಿದ್ದರೆ ನಷ್ಟ ಯಾರೋ ನಿರಪರಾಧಿಯ ತಲೆ ಮೇಲೆ ಬರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕಾಗಿ ವಿನಂತಿ.

ಪೆಟ್ಟಿಗೆಯ ಒಳಗೆ ಏನಿದೆ?

ಮೊದಲು ಸ್ಪೀಕರ್ ಅಂದರೆ ಏನು ಅಂತ ತಿಳಿಯೋಣ. ಈಗ ಎಲ್ಲಾ ಕಡೆ ಇರುವ ಈ ಕಾಗದದ ಕೋನಿನ ಸ್ಪೀಕರಿಗೆ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು, 1925ರಲ್ಲಿ. ನೂರು ವರ್ಷವಾದರೂ ಮೂಲ ಏರ್ಪಾಡು ಅದೇ. ಹಿಂದೆ ಒಂದು ಭಾರಿ ಅಯಸ್ಕಾಂತ. ಅದರ ನಡುವೆ ಉಂಗುರದ ಹಾಗೆ ಒಂದು ಸಣ್ಣ ಸಂದು. ಆ ಸಂದಿನಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಒಂದು ಸುರುಳಿ, ಅದಕ್ಕೆ ವಾಯ್ಸ್ ಕಾಯಿಲ್ ಅಂತಾರೆ. ಸುರುಳಿಗೆ ಅಂಟಿಕೊಂಡಂತೆ ಕಾಗದದ ಕೋನು. ಕರೆಂಟು ಹರಿದಾಗ ಸುರುಳಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ, ಕೋನು ಗಾಳಿಯನ್ನು ತಳ್ಳುತ್ತದೆ, ಅದೇ ನಮಗೆ ಕೇಳುವ ಶಬ್ದ.

ಇಲ್ಲಿ ಗಮನಿಸಬೇಕಾದದ್ದು ಆ ಸಂದು. ಸುರುಳಿಗೂ ಕಬ್ಬಿಣಕ್ಕೂ ನಡುವೆ ಒಂದೊಂದು ಪಕ್ಕ ಇರುವ ಜಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಯಸ್ಕಾಂತವೋ ಹಲವು ಕೆ.ಜಿ. ತೂಗುತ್ತದೆ. ಫೆರೈಟ್ ಎಂಬ ಕಪ್ಪು ಅಯಸ್ಕಾಂತ ಕಬ್ಬಿಣದ ಹಾಗೆ ಗಟ್ಟಿ ಕಂಡರೂ ಜಾತಿಯಲ್ಲಿ ಪಿಂಗಾಣಿಯಂಥದ್ದು, ಬಗ್ಗುವುದಿಲ್ಲ, ಬಿರಿಯುತ್ತದೆ. ಅದನ್ನು ಎರಡು ಕಬ್ಬಿಣದ ತಟ್ಟೆಗಳ ನಡುವೆ ಅಂಟಿನಿಂದ ಕೂರಿಸಿರುತ್ತಾರೆ. ಜೋರು ಪೆಟ್ಟು ಬಿದ್ದರೆ ಅಂಟು ಬಿಟ್ಟು ಅಯಸ್ಕಾಂತ ಕೂದಲೆಳೆಯಷ್ಟು ಸರಿದರೂ ಸಾಕು, ಸುರುಳಿ ಕಬ್ಬಿಣಕ್ಕೆ ಉಜ್ಜುತ್ತದೆ. ತಗಡಿನ ಚೌಕಟ್ಟಾದರೆ ಸೊಟ್ಟಗಾಗುತ್ತದೆ, ಎರಕದ ಅಲ್ಯೂಮಿನಿಯಂ ಚೌಕಟ್ಟಾದರೆ ಸೀಳುತ್ತದೆ. ಇಷ್ಟು ಭಾರ ಪೂರ್ತಿ ಮುಂದಿನ ಹಲಗೆಗೆ ಹಾಕಿದ ಎಂಟು ಸ್ಕ್ರೂಗಳ ಮೇಲೆ ನೇತಾಡುತ್ತಿರುತ್ತದೆ. ಹಾಗಾಗಿ ಹೊರಗಿನ ಪೆಟ್ಟಿಗೆ ನೆಟ್ಟಗಿದೆ ಅಂದಮಾತ್ರಕ್ಕೆ ಒಳಗಿನದ್ದೂ ನೆಟ್ಟಗಿದೆ ಎಂದು ಹೇಳಲಾಗದು.

ಪೆಟ್ಟು ಎಂಬುದರ ಲೆಕ್ಕ

ಇದರ ಲೆಕ್ಕ ಬಹಳ ಸುಲಭ, ಹೈಸ್ಕೂಲಿನ ಮಕ್ಕಳೂ ಮಾಡಬಹುದು. ಬಿದ್ದ ಎತ್ತರವನ್ನು, ನೆಲ ಮುಟ್ಟಿದ ಮೇಲೆ ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಬಂದ ಉತ್ತರ, ಆ ವಸ್ತುವಿನ ತೂಕದ ಎಷ್ಟು ಪಟ್ಟು ಪೆಟ್ಟು ಬೀಳುತ್ತದೆ ಎಂಬುದರ ಅಂದಾಜು. ಲಾರಿಯ ತಳ ನೆಲದಿಂದ ಸುಮಾರು 4 ಅಡಿ, ಅಂದರೆ 120 ಸೆಂ.ಮೀ. ಅನ್ನಿ. ಅಲ್ಲಿಂದ ಬಿದ್ದ ಪೆಟ್ಟಿಗೆ 1 ಸೆಂ.ಮೀ.ನಲ್ಲಿ ನಿಂತರೆ 120 ಪಟ್ಟು. ಒಳಗಿನ ಅಯಸ್ಕಾಂತ 8 ಕೆ.ಜಿ. ಇದ್ದರೆ ಆ ಕ್ಷಣಕ್ಕೆ ಅದು 960 ಕೆ.ಜಿ. ತೂಗಿದ ಹಾಗೆ, ಹತ್ತಿರ ಹತ್ತಿರ ಒಂದು ಟನ್ನು! ಎಂಟು ಸ್ಕ್ರೂ, ಒಂದಿಷ್ಟು ಅಂಟು ಅದನ್ನು ತಡೆಯಬೇಕು. ಬರಿಯ ಪೆಟ್ಟಿಗೆ ಕಾಂಕ್ರೀಟಿನ ಮೇಲೆ ಬಿದ್ದರೆ ಆ 1 ಸೆಂ.ಮೀ. ಕೂಡ ಸಿಗೋದಿಲ್ಲ.

ಅದೇ ಪೆಟ್ಟಿಗೆಯ ಕೆಳಗೆ ದಪ್ಪನೆಯ ಮೆತ್ತೆ ಇದ್ದು, ಅದು 4 ಸೆಂ.ಮೀ.ನಷ್ಟು ಅಮುಕಿಕೊಂಡು ನಿಲ್ಲಿಸಿತು ಅಂದುಕೊಳ್ಳಿ. ಪೆಟ್ಟು 30 ಪಟ್ಟಿಗೆ ಇಳಿಯಿತು. ಇನ್ನು ಒಂದಡಿ ಎತ್ತರದಿಂದ ಮಾತ್ರ ಜಾರಿದರೆ ಅದೇ ಮೆತ್ತೆ ಮೇಲೆ ಸುಮಾರು 8 ಪಟ್ಟು ಅಷ್ಟೇ. ಪ್ಯಾಕಿಂಗ್ ಅಂದರೆ ಸುತ್ತಿ ಮುಚ್ಚೋದು ಅಂತ ಬಹಳ ಜನ ತಿಳಿದಿದ್ದಾರೆ. ಅದಲ್ಲ. ಪ್ಯಾಕಿಂಗ್ ಮಾಡಬೇಕಾದ ಕೆಲಸ ಎರಡೇ: ಬೀಳುವ ಎತ್ತರವನ್ನು ಕಡಿಮೆ ಮಾಡೋದು, ನಿಲ್ಲುವ ದೂರವನ್ನು ಜಾಸ್ತಿ ಮಾಡೋದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ತಮಗೆ ಗೊತ್ತೇ ಇದೆ. ಆ ಕುಂಬಾರರೇ ಗಾಡಿಯಲ್ಲಿ ಮಡಕೆ ಹೇರುವಾಗ ನಡುನಡುವೆ ಹುಲ್ಲು ತುರುಕುತ್ತಿದ್ದರಲ್ಲ, ಅವರಿಗೆ ಈ ಲೆಕ್ಕ ಕೈಯಲ್ಲೇ ಗೊತ್ತಿತ್ತು.

ಬಿಚ್ಚುವ, ಕಟ್ಟುವ ಕ್ರಮ

ಈಗ ಕೆಲಸಕ್ಕೆ ಬರೋಣ. ಕಟ್ಟುವ ಮುಂಚೆ ಪೆಟ್ಟಿಗೆ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ದಾಖಲೆ ಬೇಕು. ಸೀರಿಯಲ್ ನಂಬರು ಬರೆದುಕೊಳ್ಳಬೇಕು. ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಮುಂದಿನ ಜಾಲರಿ ತೆಗೆದು, ಕೋನಿನ ಮೇಲೆ ಎರಡೂ ಕೈಬೆರಳುಗಳನ್ನು ಎದುರುಬದುರು ಇಟ್ಟು ಸಮನಾಗಿ, ಬಹಳ ಮೆಲ್ಲಗೆ ಒತ್ತಿ ಬಿಡಬೇಕು. ಸರಾಗವಾಗಿ ಹೋಗಿ ಬಂದರೆ ಸರಿ. ಮರಳು ಉಜ್ಜಿದ ಹಾಗೆ ಕೈಗೆ ತಿಳಿದರೆ ಆಗಲೇ ಏನೋ ಕೆಟ್ಟಿದೆ ಎಂದರ್ಥ. ಒಂದು ಪಕ್ಕ ಮಾತ್ರ ಒತ್ತಬಾರದು, ನಡುವಿನ ಗುಬ್ಬಿಯನ್ನಂತೂ ಮುಟ್ಟಲೇಬಾರದು. ಈ ಪರೀಕ್ಷೆಯನ್ನು ಪೆಟ್ಟಿಗೆ ಹೋದ ಕಡೆಯೂ ಬಿಚ್ಚಿದ ಕೂಡಲೇ ಮಾಡಿಸಬೇಕು.

ಆಮೇಲೆ ಬಿಡಿ ಸಾಮಾನುಗಳು. ಕಳಚಬಹುದಾದ ಚಕ್ರ, ಕಂಬ, ಸ್ಟ್ಯಾಂಡು ಕಳಚಿ ಬೇರೆ ಕಟ್ಟಬೇಕು. ವೈರು, ಪಿನ್ನು ಇವನ್ನು ಜಾಗ ಇದೆ ಅಂತ ಪೆಟ್ಟಿಗೆಯ ಗಾಳಿಕಿಂಡಿಯೊಳಗೆ ತುರುಕುವ ಅಭ್ಯಾಸ ಕೆಲವರಿಗಿದೆ. ಅದು ದಾರಿಯುದ್ದಕ್ಕೂ ಕೋನಿಗೆ ಒಳಗಿನಿಂದಲೇ ಬಡಿಯುತ್ತಿರುತ್ತದೆ. ಕಬ್ಬಿಣದ ಚೂರಿದ್ದರೆ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಗಾಳಿಕಿಂಡಿಗೆ ಬಟ್ಟೆ ಕಟ್ಟಿ ಮುಚ್ಚಬೇಕು. ಸ್ಪೀಕರಿನ ಸ್ಕ್ರೂಗಳನ್ನು ಒಮ್ಮೆ ಎದುರುಬದುರು ಕ್ರಮದಲ್ಲಿ ಬಿಗಿ ಮಾಡಬೇಕು. ದಾರಿಯ ನಡುಕಕ್ಕೆ ಮೊದಲು ಸಡಿಲವಾಗುವುದು ಅವೇ.

ದೂರದ ಊರು, ನಡುವೆ ಲಾರಿ ಬದಲಾಗುತ್ತದೆ ಅನ್ನುವಾಗ 15, 18 ಇಂಚಿನ ಭಾರಿ ಸ್ಪೀಕರನ್ನು ಪೆಟ್ಟಿಗೆಯಿಂದ ತೆಗೆದು ಬೇರೆಯಾಗಿ ಕಳಿಸುವುದೇ ಕ್ಷೇಮ. ವೈರಿನ ಪ್ಲಸ್ಸು, ಮೈನಸ್ಸು ಗುರುತು ಹಾಕಿ ಬಿಚ್ಚಬೇಕು. ಸ್ಪೀಕರಿನ ಅಂಚಿನ ಮೇಲೆ ಮಾತ್ರ ಕೂರುವಂತೆ ಒಂದು ಪ್ಲೈವುಡ್ ಹಲಗೆ ಮುಚ್ಚಿ, ಕೋನಿಗೆ ಏನೂ ತಾಗದ ಹಾಗೆ ನೋಡಿ, ಹಿಂದಿನ ಅಯಸ್ಕಾಂತಕ್ಕೂ ಗಟ್ಟಿ ಮೆತ್ತೆಯ ಆಸರೆ ಕೊಟ್ಟು ಸಣ್ಣ ಪೆಟ್ಟಿಗೆಯಲ್ಲಿ ಇಡಬೇಕು. ಜಾತ್ರೆಗೆ ಕಟ್ಟುವ ಅಲ್ಯೂಮಿನಿಯಂ ಹಾರ್ನಿನ ವಿಚಾರವೂ ಅಷ್ಟೆ. ಹಿಂದಿನ ಯೂನಿಟ್ಟನ್ನು ತಿರುಗಿಸಿ ಬಿಚ್ಚಿ, ಅದರ ಬಾಯಿಗೆ ಮುಚ್ಚಳ ಹಾಕಿ ಬೇರೆ ಇಡಬೇಕು. ಹಾರ್ನುಗಳನ್ನು ಒಂದರೊಳಗೊಂದು ಇಡುವುದಾದರೆ ನಡುವೆ ಬಟ್ಟೆ ಇರಲಿ.

ಪೆಟ್ಟಿಗೆಯ ಮುಖಕ್ಕೆ ಒಂದು ಹಲಗೆ ಬೇಕು. ಜಾಲರಿ ಇದೆಯಲ್ಲ ಅಂದರೆ, ಜಾಲರಿಯ ತಗಡು ಒಂದು ಕಬ್ಬಿಣದ ಸಲಾಕೆಯ ತುದಿ ತಾಗಿದರೆ ಒಳಗೆ ಬಗ್ಗಿ ಕೋನನ್ನು ಹರಿಯುತ್ತದೆ. ಹಲಗೆ ಪೆಟ್ಟಿಗೆಯ ನಾಲ್ಕು ಅಂಚಿನ ಮೇಲೆ ಕೂರಬೇಕು, ಜಾಲರಿಯ ಮೇಲೆ ಅಲ್ಲ. ಇಡೀ ಪೆಟ್ಟಿಗೆಗೆ ಮೊದಲು ಹತ್ತಿ ಬಟ್ಟೆ ಅಥವಾ ಹಳೇ ಜಮಖಾನ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಬಿಸಿಲಿಗೆ ಒಳಗೆ ಬೆವರುತ್ತದೆ. ಮಳೆಯ ದಿನ, ಇಬ್ಬನಿಯ ಹೊತ್ತಿನಲ್ಲಿ ಕಟ್ಟಬಾರದು, ಒಳಗಿನ ತೇವ ಒಳಗೇ ಉಳಿಯುತ್ತದೆ. ಪಾರ್ಟಿಕಲ್ ಬೋರ್ಡು, ಎಂ.ಡಿ.ಎಫ್. ಪೆಟ್ಟಿಗೆಗಳಿಗೆ ನೀರು ತಾಗಿದರೆ ಅವಲಕ್ಕಿಯ ಹಾಗೆ ಉಬ್ಬುತ್ತವೆ, ಮತ್ತೆ ಸರಿಯಾಗುವುದಿಲ್ಲ. ಒಳ್ಳೆಯ ಪ್ಲೈವುಡ್ಡು ಎಷ್ಟೋ ವಾಸಿ.

ಮೆತ್ತೆ ಎಂಥದ್ದಿರಬೇಕು?

ಮೂಲೆಗಳೇ ಮುಖ್ಯ. ಪೆಟ್ಟಿಗೆ ಬೀಳುವುದು ಬಹುಪಾಲು ಯಾವುದಾದರೂ ಒಂದು ಮೂಲೆಯ ಮೇಲೆ. ಎಂಟು ಮೂಲೆಗೂ ದಪ್ಪ ಮೆತ್ತೆ, ತಳಕ್ಕೆ ಇನ್ನೂ ದಪ್ಪ. ಮೆತ್ತೆ ತನ್ನ ದಪ್ಪದಷ್ಟೂ ಅಮುಕಿಕೊಳ್ಳೋದಿಲ್ಲ, ಸುಮಾರು ಅರ್ಧದಷ್ಟು ಅಂತ ಇಟ್ಟುಕೊಳ್ಳಿ. ಹಾಗಾಗಿ 4 ಸೆಂ.ಮೀ. ನಿಲ್ಲುವ ದೂರ ಬೇಕಾದರೆ 8 ಸೆಂ.ಮೀ., ಅಂದರೆ 3 ಇಂಚಿಗೂ ಸ್ವಲ್ಪ ಜಾಸ್ತಿ ದಪ್ಪ ಬೇಕು.

ತೀರಾ ಮೃದುವಾದದ್ದು ಭಾರಿ ಪೆಟ್ಟಿಗೆಗೆ ಪ್ರಯೋಜನವಿಲ್ಲ. 50 ಕೆ.ಜಿ. ಪೆಟ್ಟಿಗೆಯನ್ನು ಹತ್ತಿಯ ದಿಂಬಿನ ಮೇಲೆ ಇಟ್ಟರೆ ಇಟ್ಟ ಕೂಡಲೇ ತಳ ಮುಟ್ಟುತ್ತದೆ. ಬೀಳುವ ಹೊತ್ತಿಗೆ ಅಮುಕಲು ಏನೂ ಉಳಿದಿರುವುದಿಲ್ಲ. ಪೆಟ್ಟಿಗೆಯನ್ನು ಮೆತ್ತೆಯ ಮೇಲೆ ಇಟ್ಟಾಗ ಸ್ವಲ್ಪ ಮಾತ್ರ ಇಳಿದು ನಿಲ್ಲಬೇಕು, ಕೈಯಿಂದ ಒತ್ತಿದರೆ ಇನ್ನಷ್ಟು ಇಳಿದು ವಾಪಸ್ಸು ಬರಬೇಕು. ಅದೇ ಸರಿಯಾದ ಹದ. ತರ್ಮೊಕೋಲು ಮೊದಲ ಪೆಟ್ಟನ್ನು ತಡೆದು ಪುಡಿಯಾಗುತ್ತದೆ, ಎರಡನೇ ಪೆಟ್ಟಿಗೆ ಇಲ್ಲ. ಭತ್ತದ ಹುಲ್ಲು, ಮರದ ಹೊಟ್ಟು, ಕಾಗದದ ಚೂರು ಇವು ದಾರಿಯ ನಡುಕಕ್ಕೆ ಕುಸಿದು ಒಂದು ಕಡೆ ಸೇರುತ್ತವೆ. ಜತೆಗೆ ಧೂಳು ಸುರುಳಿಯ ಸಂದಿಗೆ ಇಳಿಯುವ ಭಯ. ಪ್ಯಾಕಿಂಗಿಗೆಂದೇ ಸಿಗುವ ಗಟ್ಟಿ ಬಿಳಿ ಫೋಮ್ ಹಾಳೆ ಒಳ್ಳೆಯದು.

ನಮ್ಮ ಕಡೆಯದ್ದೇ ಒಂದು ವಸ್ತು ಇದೆ, ತೆಂಗಿನ ನಾರು. ನಾರಿಗೆ ರಬ್ಬರಿನ ಹಾಲು ಬೆರೆಸಿ ಮಾಡಿದ ಹಾಸಿಗೆ ಅಂಗಡಿಗಳಲ್ಲಿ ಸಿಗುತ್ತದಲ್ಲ, ಆ ಜಾತಿಯ ಮೆತ್ತೆಯನ್ನು ಕಾರ್ಖಾನೆಗಳವರೂ ಪ್ಯಾಕಿಂಗಿಗೆ ಬಳಸುತ್ತಾರೆ. ಹಳೆಯ ನಾರಿನ ಹಾಸಿಗೆಯೊಂದನ್ನು ಕತ್ತರಿಸಿ, ಪುಡಿ ಉದುರದಂತೆ ಬಟ್ಟೆಯಲ್ಲಿ ಹೊಲಿದು ಮೂಲೆಗಳಿಗೆ ಕೊಟ್ಟರೆ ಖರ್ಚೂ ಕಡಿಮೆ, ಹತ್ತಾರು ಸಲ ಬಳಸಲೂ ಬಹುದು. ಕೊಬ್ಬರಿ ನಾಡಿನವರಾದ ನಮಗೆ ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಹೊರಗಿನ ಕಟ್ಟು ಮತ್ತು ಹಮಾಲಿ ಬಂಧುಗಳು

ಮೆತ್ತೆ ಆದ ಮೇಲೆ ಹೊರಗೆ ಮರದ ಚೌಕಟ್ಟು. ಇಲ್ಲಿ ಒಂದು ಮಾತು. ಪೆಟ್ಟಿಗೆಗೆ ಗೋಣಿತಾಟು ಹೊದಿಸಿ ಹೊಲಿದು ಕಳಿಸುವ ಪದ್ಧತಿ ಹಿಂದಿನಿಂದಲೂ ಇದೆ. ಗೋಣಿ ಕಂಡರೆ ಅದು ಮೂಟೆ, ಮೂಟೆಗೆ ಹಮಾಲಿಗಳು ಕೊಕ್ಕೆ ಹಾಕುತ್ತಾರೆ. ಅದು ಅವರ ತಪ್ಪಲ್ಲ. ದಿನಕ್ಕೆ ಎಷ್ಟೋ ಟನ್ನು ಸಾಮಾನನ್ನು ಬೆನ್ನಿನ ಮೇಲೆ ಹೊರುವವರು ಅವರು. ಎತ್ತುವುದಕ್ಕೆ ಹಿಡಿ ಇಲ್ಲದ, ತೂಕ ಎಷ್ಟೆಂದು ಬರೆಯದ, ನುಣುಪಾದ ದೊಡ್ಡ ಪೆಟ್ಟಿಗೆಯನ್ನು ಅವರ ಮುಂದಿಟ್ಟು, ಆಮೇಲೆ ಜಾರಿ ಬಿಟ್ಟರು ಅಂತ ಬೈದರೆ ನ್ಯಾಯವಲ್ಲ. ಒಬ್ಬನೇ ಎತ್ತಬಹುದು ಅಂದುಕೊಂಡು ಎತ್ತಿ, ಅರ್ಧಕ್ಕೆ ಭಾರ ತಿಳಿದು ಕೈ ಬಿಡುವುದರಿಂದಲೇ ಎಷ್ಟೋ ಪೆಟ್ಟಿಗೆಗಳು ಬೀಳುವುದು.

ಆದ್ದರಿಂದ ಚೌಕಟ್ಟಿನ ಎರಡೂ ಪಕ್ಕ ಹಿಡಿಗಳಿರಲಿ, ಸೊಂಟದ ಎತ್ತರಕ್ಕೆ. ತಳದಲ್ಲಿ 4 ಇಂಚಿನ ಎರಡು ಮರದ ಕಾಲುಗಳಿರಲಿ. ಕೈಯಾಗಲಿ ಹಗ್ಗವಾಗಲಿ ತಳ್ಳುಗಾಡಿಯ ನಾಲಿಗೆಯಾಗಲಿ ಕೆಳಗೆ ಹೋಗಬೇಕು, ಆಗ ಓರೆ ಮಾಡಿ ಉರುಳಿಸುವ ಪ್ರಮೇಯ ಇರೋದಿಲ್ಲ. ನೆಲದಲ್ಲಿ ನೀರು ನಿಂತರೂ ಪೆಟ್ಟಿಗೆಗೆ ತಾಗದು. ಎತ್ತರದ ಪೆಟ್ಟಿಗೆಯಾದರೆ ಕಾಲುಗಳು ಪೆಟ್ಟಿಗೆಗಿಂತ ಅಗಲ ಬರಲಿ, ಬುಡ ಅಗಲವಾದದ್ದು ಬೇಗ ಉರುಳೋದಿಲ್ಲ. ಮೊಳೆ ಬೇಡ, ಸ್ಕ್ರೂ ಹಾಕಿ. ಸುತ್ತಿಗೆಯ ಏಟೂ ಪೆಟ್ಟಿಗೆಗೆ ಪೆಟ್ಟೇ. ವಾಪಸ್ಸು ಬರುವಾಗ ಅದೇ ಚೌಕಟ್ಟು ಮತ್ತೆ ಬೇಕಾಗುತ್ತದೆ.

ತೂಕ ದೊಡ್ಡದಾಗಿ ಬರೆಯಿರಿ: 55 ಕೆ.ಜಿ., ಇಬ್ಬರು ಎತ್ತಿ, ಅಂತ. ಓದು ಬಾರದವರಿಗೂ, ಬೇರೆ ಭಾಷೆಯವರಿಗೂ ತಿಳಿಯಲು ಚಿತ್ರ ಬರೆಯಿರಿ. ಮೇಲ್ಮುಖದ ಎರಡು ಬಾಣ, ಗಾಜಿನ ಲೋಟ, ಕೊಡೆ. ಈ ಮೂರು ಗುರುತು ಪ್ರಪಂಚದಲ್ಲೆಲ್ಲಾ ಒಂದೇ. ಆದರೆ ಚಿತ್ರ ಬರೆದಮಾತ್ರಕ್ಕೆ ಯಾರೂ ಹೂವಿನ ಹಾಗೆ ಎತ್ತುವುದಿಲ್ಲ. ಮೇಲೆ ಬೇರೆ ಸಾಮಾನು ಹೇರಬೇಡಿ ಅಂತ ಬರೆಯುವ ಬದಲು, ಚೌಕಟ್ಟಿನ ತಲೆಗೆ ಮನೆಯ ಮಾಡಿನ ಹಾಗೆ ಎರಡು ಓರೆ ಹಲಗೆ ಹೊಡೆದರೆ, ಹೇರಬೇಕೆಂದರೂ ಹೇರಲಾಗದು.

ಲಾರಿಯಲ್ಲಿ ಎಲ್ಲಿ ಇಡಬೇಕು?

ಲಾರಿಯ ಹಿಂಬದಿಯ ಚಕ್ರಕ್ಕಿಂತ ಹಿಂದೆ ಚಾಚಿರುವ ಭಾಗವೇ ಜಾಸ್ತಿ ಎಗರುವುದು, ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆಲ್ಲಾ ಇದರ ಅನುಭವ ಇದೆ. ಪೆಟ್ಟಿಗೆಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ತಳದ ಮೇಲೇ, ನೆಟ್ಟಗೆ ನಿಲ್ಲಿಸಬೇಕು. ಜಾರದಂತೆ ಕೆಳಗೆ ಹಳೇ ಟಯರಿನ ಟ್ಯೂಬು ಹಾಸಿದರೆ ಒಳ್ಳೆಯದು. ಸುತ್ತ ಸಂದು ಬಿಡಬಾರದು. ಹಗ್ಗವನ್ನು ಮರದ ಚೌಕಟ್ಟಿಗೆ ಬಿಗಿಯಬೇಕು, ಪೆಟ್ಟಿಗೆಯ ಅಂಚಿಗೆ ಅಲ್ಲ. ಕಬ್ಬಿಣದ ಸಲಾಕೆ, ಸಿಮೆಂಟು, ಎಣ್ಣೆ ಡಬ್ಬ ಇವುಗಳ ಪಕ್ಕ ಬೇಡ. ಯೂರಿಯಾ ಮೂಟೆಯ ಪಕ್ಕವಂತೂ ಬೇಡವೇ ಬೇಡ, ಅದು ಗಾಳಿಯ ತೇವ ಹೀರಿ ನೀರಾಗಿ ಲೋಹವನ್ನು ತಿನ್ನುತ್ತದೆ. ಮೇಲೆ ಟಾರ್ಪಾಲು ಕಡ್ಡಾಯ, ಬೇಸಿಗೆಯಲ್ಲೂ.

ಇನ್ನು ದಾರಿಯ ಲೆಕ್ಕವನ್ನು ಮೈಲಿಯಲ್ಲಿ ಹಾಕಬೇಡಿ, ಕೈಯಲ್ಲಿ ಹಾಕಿ. ಪಾರ್ಸಲ್ ಲಾರಿಗೆ ಕೊಟ್ಟ ಪೆಟ್ಟಿಗೆ ಮನೆಯಿಂದ ಟೆಂಪೊಗೆ ಏರುತ್ತೆ, ಬುಕಿಂಗ್ ಆಫೀಸಿನಲ್ಲಿ ಇಳಿಯುತ್ತೆ, ಲಾರಿಗೆ ಏರುತ್ತೆ, ನಡುವಿನ ಗೋಡೌನಿನಲ್ಲಿ ಇಳಿಯುತ್ತೆ, ಇನ್ನೊಂದು ಲಾರಿಗೆ ಏರುತ್ತೆ, ಆ ಊರಿನ ಆಫೀಸಿನಲ್ಲಿ ಇಳಿಯುತ್ತೆ, ಮತ್ತೆ ಟೆಂಪೊಗೆ ಏರಿ ಇಳಿಯುತ್ತೆ. ಎಂಟು ಸಲ. ಒಂದೊಂದು ಸಲವೂ ಬೀಳುವ ಸಂಭವ ಉಂಟು. ಅದೇ ಒಂದು ಸಣ್ಣ ಗೂಡ್ಸ್ ಗಾಡಿಯನ್ನು ಪೂರ್ತಿ ಬಾಡಿಗೆಗೆ ಹಿಡಿದರೆ ಒಂದು ಸಲ ಏರಿಕೆ, ಒಂದು ಸಲ ಇಳಿಕೆ, ಎರಡೂ ನಮ್ಮವರ ಕಣ್ಣೆದುರಿಗೆ. ಬಾಡಿಗೆ ಜಾಸ್ತಿ ನಿಜ. ಒಂದೇ ಪೆಟ್ಟಿಗೆಯಾದರೆ ಗಿಟ್ಟದು. ನಾಲ್ಕಾರು ಪೆಟ್ಟಿಗೆ ಒಟ್ಟಿಗೆ ಹೋಗುವಾಗ, ಅಥವಾ ಅಕ್ಕಪಕ್ಕದ ಸಂಘದವರು ಜತೆ ಸೇರಿದಾಗ ಖಂಡಿತಾ ಗಿಟ್ಟುತ್ತದೆ.

ಕಾಗದ ಪತ್ರ

ಪ್ಯಾಕಿಂಗಿನಷ್ಟೇ ಮುಖ್ಯವಾದದ್ದು ರಸೀದಿ. ಲಾರಿ ಸಾಗಣೆಗೆ ಈಗಿರುವುದು 2007ರ ರಸ್ತೆ ಸಾಗಣೆ ಕಾಯಿದೆ. ಅದಕ್ಕೆ ಮುಂಚೆ 1865ರ ಬ್ರಿಟಿಷರ ಕಾಲದ ಕಾಯಿದೆ ಇತ್ತು. ಹೊಸ ಕಾಯಿದೆಯ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಜವಾಬ್ದಾರಿಯ ದರ ಕೊಟ್ಟು ಬುಕ್ ಮಾಡದೇ ಇದ್ದರೆ, ಸಾಮಾನು ಹಾಳಾದಾಗ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನಾವು ಬರೆಸಿದ ಬೆಲೆಯನ್ನು ಮೀರದ ಹಾಗೆ. ಲೆಕ್ಕ ನೋಡಿ. 40,000 ರೂಪಾಯಿನ ಪೆಟ್ಟಿಗೆ, ಬಾಡಿಗೆ 600 ರೂಪಾಯಿ. ಪೂರ್ತಿ ಪುಡಿಯಾದರೂ ಕೇಳಬಹುದಾದದ್ದು 6,000. ಬೆಲೆಯ ಕಾಲಂ ಖಾಲಿ ಬಿಟ್ಟರೆ ಆ ವಾದವೂ ಕಷ್ಟ. 2022ರಲ್ಲಿ ನಮ್ಮ ಪೆಟ್ಟಿಗೆಗಳನ್ನು ಅಂಗಡಿಯವರು ಬುಕ್ ಮಾಡಿದ ರಸೀದಿಯಲ್ಲಿ ಬೆಲೆಯನ್ನೇ ಬರೆಸಿರಲಿಲ್ಲ. ಅಂಗಡಿಯವರನ್ನು ಕೇಳಿದರೆ ಲಾರಿಯವರನ್ನು ಕೇಳಿ ಅಂದರು, ಲಾರಿಯವರು ಪ್ಯಾಕಿಂಗ್ ಸರಿ ಇರಲಿಲ್ಲ, ಅಂಗಡಿಯವರನ್ನು ಕೇಳಿ ಅಂದರು. ಇಬ್ಬರ ನಡುವೆ ಸಂಘದ ಹಣ ಹೋಯಿತು.

ಹಾಗಾಗಿ ಯಾರಿಂದ ತರಿಸಿದರೂ ಆರ್ಡರ್ ಕೊಡುವಾಗಲೇ ಮೂರು ಷರತ್ತು ಬರವಣಿಗೆಯಲ್ಲಿ ಹಾಕಬೇಕು. ಮರದ ಚೌಕಟ್ಟಿನ ಪ್ಯಾಕಿಂಗ್ ಇರಬೇಕು, ರಸೀದಿಯಲ್ಲಿ ಪೂರ್ತಿ ಬೆಲೆ ಇರಬೇಕು, ದಾರಿಯ ವಿಮೆ ಇರಬೇಕು. ವಿಮೆ ಬೇರೆ, ಲಾರಿಯವರ ಹೊಣೆ ಬೇರೆ. ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಇದೆಯೇ ಅಂತಲೂ ನೋಡಬೇಕು, ಇಲ್ಲವಾದರೆ ದಾರಿಯಲ್ಲಿ ತಡೆದು ನಿಲ್ಲಿಸುತ್ತಾರೆ.

ಸಾಮಾನು ಬಂದಾಗ ಅವಸರಕ್ಕೆ ಸಹಿ ಹಾಕಬಾರದು. ಕಟ್ಟಿನ ಸುತ್ತ ನೋಡಿ, ಎಲ್ಲಿ ಜಜ್ಜಿದ್ದರೂ ಅದನ್ನು ಡೆಲಿವರಿ ರಸೀದಿಯ ಮೇಲೇ ಬರೆದು ಸಹಿ ಮಾಡಬೇಕು, ಫೋಟೋ ತೆಗೆಯಬೇಕು. ಅದೇ ದಿನ ಬಿಚ್ಚಿ, ಕೋನಿನ ಪರೀಕ್ಷೆ ಮಾಡಿ, ಮೊದಲು ಮೆಲ್ಲಗೆ, ಆಮೇಲೆ ಅರ್ಧ ಗಂಟೆಯಾದರೂ ಸಾಮಾನ್ಯ ಮಟ್ಟದಲ್ಲಿ ನುಡಿಸಿ ನೋಡಬೇಕು. ತೀರ್ಮಾನ ಆಗುವವರೆಗೆ ಪ್ಯಾಕಿಂಗ್ ಸಾಮಾನು ಎಸೆಯಬಾರದು, ಅದೇ ಸಾಕ್ಷಿ. ಕೋರ್ಟಿಗೆ ಹೋಗಬೇಕಾದರೆ ಅದಕ್ಕೆ ಮುಂಚೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಬರವಣಿಗೆಯ ನೋಟಿಸ್ ಮುಟ್ಟಿರಬೇಕು. ಈ ಗಡುವು ನೆನಪಿರಲಿ.

ನಮ್ಮ ಸೂಚನೆಗಳು

ಸದಸ್ಯ ಬಾಂಧವರೇ, ಸೆಟ್ಟನ್ನು ಮಾರಿಬಿಟ್ಟರೆ ಈ ತಾಪತ್ರಯ ಇರೋದಿಲ್ಲ ಎಂಬುದು ನಿಜ. ಆಗ ಬಡವರ ಮನೆಯ ಮದುವೆಗೆ ಪಟ್ಟಣದಿಂದ ಎರಡರಷ್ಟು ಬಾಡಿಗೆಗೆ ಸೆಟ್ ಬರಬೇಕಾಗುತ್ತೆ ಎಂಬುದೂ ನಿಜ. ಸರ್ವಸದಸ್ಯರ ಸಭೆಯ ಮುಂದೆ ನಾವು ಎರಡು ಸೂಚನೆ ಇಡುತ್ತಿದ್ದೇವೆ. ಒಂದು, ಸಂಘದ ನಾಲ್ಕು ದೊಡ್ಡ ಪೆಟ್ಟಿಗೆಗಳಿಗೆ ಶಾಶ್ವತವಾದ ಹೊರಪೆಟ್ಟಿಗೆ ಮಾಡಿಸುವುದು. ಪ್ಲೈವುಡ್ಡು, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಒಳಗೆ ನಾರಿನ ಮೆತ್ತೆ, ತಳಕ್ಕೆ ಚಕ್ರ, ಪಕ್ಕಕ್ಕೆ ಹಿಡಿ. ಊರಿನ ಬಡಗಿಗಳೇ ಮಾಡಬಲ್ಲರು. ಒಂದು ಸಲದ ಖರ್ಚು, ಹಲವು ವರ್ಷದ ನೆಮ್ಮದಿ.

ಎರಡನೆಯದು ಒಂದು ರಿಜಿಸ್ಟರು. ಸೆಟ್ ಸಂಘದ ಬಾಗಿಲು ದಾಟುವಾಗ ಯಾವ ಸ್ಥಿತಿಯಲ್ಲಿತ್ತು, ಯಾರು ಕೊಟ್ಟರು, ಯಾರು ತೆಗೆದುಕೊಂಡರು, ವಾಪಸ್ಸು ಬಂದಾಗ ಕೋನಿನ ಪರೀಕ್ಷೆ ಯಾರು ಮಾಡಿದರು, ಇಷ್ಟಕ್ಕೂ ಎರಡೂ ಕಡೆಯವರ ಸಹಿ. ಹಾಲು ಅಳೆಯುವಾಗ, ಗೊಬ್ಬರ ತೂಗುವಾಗ ನಾವು ಪುಸ್ತಕದಲ್ಲಿ ಬರೆಯೋದಿಲ್ಲವೇ? ಇದೂ ಹಾಗೇ. ಪುಸ್ತಕದಲ್ಲಿ ಬರೆದಿದ್ದರೆ ದಾರಿಯ ಪೆಟ್ಟು ದಾರಿಯ ಲೆಕ್ಕಕ್ಕೇ ಹೋಗುತ್ತದೆ. ಸಂಬಳಕ್ಕೆ ದುಡಿಯುವ ಯಾವ ಹುಡುಗನೂ ಊರಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬರುವುದಿಲ್ಲ.

ನಮ್ಮ ರಾಜ್ಯದ ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದಾಗ ಲಾರಿಗಳೂ ಇರಲಿಲ್ಲ, ಮೈಕ್ ಸೆಟ್ಟುಗಳೂ ಇರಲಿಲ್ಲ. ಆದರೆ ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಅಂತಲ್ಲ, ಪ್ರತಿಯೊಬ್ಬರದ್ದೂ ಹೌದು ಎಂಬ ಭಾವನೆ ಅಂದಿನಿಂದಲೂ ಸಹಕಾರದ ತಳಪಾಯ. ಸರ್ವಸದಸ್ಯರ ಸಭೆಗೆ ತಾವೆಲ್ಲರೂ ತಪ್ಪದೆ ಬಂದು, ಈ ಎರಡು ಸೂಚನೆಗಳ ಮೇಲೆ ಮನಬಿಚ್ಚಿ ಮಾತಾಡಬೇಕೆಂದು ಕೋರುತ್ತೇವೆ.

ಜೈ ಸಹಕಾರ.